ಕತ್ತಿ ಆರಿಸಿದ ಕಾಡು

ತೋಟದ ಗೊಬ್ಬರಕ್ಕೆಂದು ಸೊಪ್ಪು ಕಡಿಯುವ ಸೊಪ್ಪಿನಬೆಟ್ಟದಲ್ಲಿ ನಿಂತು "ಎಂಥಾ ಕಾಡು ಮಾರಾಯ್ರೇ!" ಎಂದು ಬಾಯಿ ಬಿಡುವ ಪೇಟೆ ನೆಂಟರನ್ನು ಕಂಡರೆ ಅಲ್ಲಿಯ ಮತ್ತಿ ಮರಕ್ಕೆ ನಗು ಬಂದೀತು. ಕಾಡು ಹೌದು, ತಾನಾಗಿ ಹಬ್ಬಿದ್ದಲ್ಲ. ಶಿರಸಿ, ಸಿದ್ದಾಪುರದ ಕಡೆ ಬೆಟ್ಟದಲ್ಲಿ ಯಾವ ಮರ ಇರಬೇಕು ಎಂದು ತಲೆಮಾರುಗಳಿಂದ ತೀರ್ಮಾನಿಸಿದ್ದು ಅಡಕೆ ತೋಟ ಮತ್ತು ಕೊಟ್ಟಿಗೆ.

ತೋಟಕ್ಕೆ ಗೊಬ್ಬರ ಬೇಕು. ಗೊಬ್ಬರವಾಗಲು ದನದ ಕಾಲಡಿ ಸೊಪ್ಪು ಹಾಸಬೇಕು. ಮಳೆಗಾಲಕ್ಕೆ ಹಸಿ ಸೊಪ್ಪು, ಬೇಸಿಗೆಗೆ ಗುಡಿಸಿ ತಂದ ದರಕು, ಅಂದರೆ ಒಣಗಿ ಬಿದ್ದ ಎಲೆ. ಬ್ರಿಟಿಷರ ಕಾಲದಲ್ಲಿ ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟರು. ಮತ್ತೆ ಮತ್ತೆ ಕಡಿದರೂ ಚಿಗುರುವ ಮರಕ್ಕೆ ಮಾತ್ರ ಅಲ್ಲಿ ಬಾಳು: ಮತ್ತಿ, ಕಿಂದಲ, ಕವಲು, ನೇರಳೆ. ಮುರುಗಲು, ಉಪ್ಪಾಗೆ ಉಳಿದದ್ದು ಹಣ್ಣಿನ ಹುಳಿಯ ಪುಣ್ಯದಿಂದ.

ಒಂದು ಹಳೇ ಮತ್ತಿಯನ್ನು ಬುಡದಿಂದ ನೋಡುತ್ತ ಹೋಗಿ. ಮೊಸಳೆ ಬೆನ್ನಿನಂಥ ದಪ್ಪ ತೊಗಟೆ, ಬೆಂಕಿ ಹಾದುಹೋದರೂ ಜಗ್ಗದ್ದು. ಮೇಲೆ, ಕೊಂಬೆ ಹರಡಬೇಕಾದ ಕಡೆಯೆಲ್ಲ ಮುಷ್ಟಿ ಕಟ್ಟಿದಂಥ ಗಂಟು. ಒಂದೇ ಜಾಗಕ್ಕೆ ಕತ್ತಿ ಮತ್ತೆ ಮತ್ತೆ ಬಿದ್ದು, ಅಲ್ಲಿಂದಲೇ ಮತ್ತೆ ಮತ್ತೆ ಚಿಗುರೊಡೆದ ಗುರುತು ಅದು. ಕೆಲಸ ಗೊತ್ತಿದ್ದವರು ಕಾಂಡಕ್ಕೆ ಒತ್ತಿ ಕಡಿಯುವುದಿಲ್ಲ, ಮೋಟು ಬಿಡುತ್ತಾರೆ. ತುದಿಯ ಸೊಪ್ಪು ಮುಟ್ಟುವುದಿಲ್ಲ. ಈ ವರ್ಷ ಕಡಿದ ಮರಕ್ಕೆ ಮುಂದಿನ ವರ್ಷ ರಜೆ. ಅವಸರಕ್ಕೆ ತೊಗಟೆ ಸೀಳಿತೋ, ನೀರಿಳಿದು ಒಳಗೆ ಕೊಳೆತು ಲಡ್ಡು ಹಿಡಿಯಿತೆಂದೇ ಲೆಕ್ಕ. ತುದಿಯವರೆಗೂ ಬೋಳಿಸಿದ ಮರ ಸಾಯದೇ ಇದ್ದೀತು. ಆದರೆ ಇದ್ದಬದ್ದ ಶಕ್ತಿಯೆಲ್ಲ ಎಲೆಗೇ ಹೋಗಿ, ಹೂವಿಗೆ ಏನೂ ಉಳಿಯುವುದಿಲ್ಲ.

ಬೀಜ ಬಿದ್ದರೂ ಆಯಿತೆನ್ನಬೇಡಿ. ದರಕು ಗುಡಿಸುವಾಗ ಎಲೆ ಯಾವುದು, ಮೊಳಕೆ ಯಾವುದು ಎಂಬ ಭೇದ ಹಿಡಿಗೆ (ಪೊರಕೆಗೆ) ಗೊತ್ತಿಲ್ಲ. ಎಷ್ಟೋ ಬೆಟ್ಟದಲ್ಲಿ ಅಜ್ಜಂದಿರದ್ದೇ ಸಂಸಾರ, ಮೊಮ್ಮಕ್ಕಳಿಲ್ಲ. ಒಬ್ಬ ಅಜ್ಜ ಉರುಳಿದಲ್ಲಿ ಬಿಸಿಲು ಬಿದ್ದು ಕಮ್ಯುನಿಸ್ಟ್ ಗಿಡ ಎಂಬ ಕಳೆ ಎದ್ದು ನಿಲ್ಲುತ್ತದೆ. ಅದನ್ನು ದನವೂ ಮೂಸುವುದಿಲ್ಲ.

ಕತ್ತಿ ಇಲ್ಲದಿದ್ದರೆ ಇಲ್ಲಿ ಏನಿರುತ್ತಿತ್ತು ಎಂಬುದಕ್ಕೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಹೋಗಬೇಕು; ಕಾನು ಎಂದರೆ ಸದಾ ಹಸಿರಿನ ದಟ್ಟ ಕಾಡು. ಅದೇ ಸೀಮೆ, ಅದೇ ಜಡಿಮಳೆ. ಆದರೆ ಹಗಲಲ್ಲೂ ಮಬ್ಬು. ಜೌಗಿನಲ್ಲಿ ಕಾಡುಜಾಯಿಕಾಯಿ ಜಾತಿಯ ಮರಗಳು ಉಸಿರಾಟಕ್ಕೆಂದು ಬೇರನ್ನು ಮಂಡಿ ಮಡಚಿದ ಹಾಗೆ ಕೆಸರಿನಿಂದ ಮೇಲೆತ್ತಿವೆ. ಗೇರು ಕುಟುಂಬದ ಒಂದು ಮರಕ್ಕೆ ವಿಜ್ಞಾನಿಗಳು 2000ದಲ್ಲಿ ಈ ಕಾನಿನ ಹೆಸರನ್ನೇ ಇಟ್ಟರು. ಇಂಥ ಮರಗಳ ಸಸಿಗೆ ನೆರಳು, ತಂಪು ಬೇಕು. ಬೋಳು ಬೆಟ್ಟದ ಬಿಸಿಲಿಗೆ ಅವು ಒಂದು ಬೇಸಿಗೆಯನ್ನೂ ದಾಟಲಾರವು.

ಮತ್ತಿಯದು ಇದಕ್ಕೆ ಪೂರಾ ಉಲ್ಟಾ. ಕತ್ತಿ, ಹಿಡಿ ಎರಡನ್ನೂ ಕೆಲವು ವರ್ಷ ದೂರವಿಟ್ಟರೆ, ಕಾನು ಹತ್ತಿರವಿದ್ದ ಕಡೆ ಹಕ್ಕಿಗಳು ತಂದುಹಾಕಿದ ಬೀಜ ಮತ್ತಿಯ ನೆರಳಲ್ಲೇ ಮೊಳೆಯುತ್ತದೆ. ಬಿಸಿಲು ಬೇಡುವ ಮತ್ತಿ ಸಸಿಗೆ ಆಮೇಲೆ ತನ್ನಪ್ಪನ ಬುಡದಲ್ಲೇ ಜಾಗವಿರುವುದಿಲ್ಲ.