ಬಿಚ್ಚಾಣಿಕೆ ಊರಿನಲ್ಲಿ ಒಂದು ತುದಿ

ನಮ್ಮ ಶಿಡ್ಲಘಟ್ಟದಲ್ಲಿ ತುದಿ ಹುಡುಕುವುದೇ ಒಂದು ಕಸುಬು. ಬಿಸಿನೀರಿನಲ್ಲಿ ಬೆಂದ ರೇಷ್ಮೆಗೂಡಿನಿಂದ ಎಳೆಯ ತುದಿ ಸಿಕ್ಕಿತೆಂದರೆ ನೂರಾರು ಮೀಟರ್ ನೂಲು ಬಿಚ್ಚಿಕೊಂಡು ಬರುತ್ತದೆ. ಅದಕ್ಕೆ ಬಿಚ್ಚಾಣಿಕೆ ಅಂತಲೇ ಹೆಸರು. ಇಂಥ ಊರಿನಲ್ಲಿದ್ದುಕೊಂಡು ನನಗೆ ಬೇಕಾಗಿದ್ದು ಮಾತ್ರ ಬಿಚ್ಚಿಕೊಳ್ಳದ ತುದಿ.

ಸ್ಕೂಟರಿನ ಹಿಂದೆ ಮೂಟೆ ಕಟ್ಟಲು ಎಲಾಸ್ಟಿಕ್ ಹಗ್ಗ ತಂದಿದ್ದೆ. ಮೂರು ಮೀಟರ್. ಅಷ್ಟುದ್ದ ಯಾಕೆ ಅಂತ ಎಳೆದು ಹಿಡಿದು ಕತ್ತರಿ ಹಾಕಿದೆ. ಎಳೆದು ಹಿಡಿದದ್ದೇ ತಪ್ಪು. ಒಳಗಿನ ರಬ್ಬರ್ ಆಮೆ ತಲೆಯ ಹಾಗೆ ಸರಕ್ಕನೆ ಒಳಗೆ ಹೋಯಿತು, ಮೇಲಿನ ನೂಲು ಜುಟ್ಟು ಕೆದರಿಕೊಂಡು ನಿಂತಿತು. ಸಂಜೆ ಹೊತ್ತಿಗೆ ಬೆರಳುದ್ದ ಬಿಚ್ಚಿತ್ತು. ನೋಡಿದರೆ ಈ ಹಗ್ಗ ಒಂದು ಜಡೆ, ಅಷ್ಟೇ. ನಡುವೆ ರಬ್ಬರ್ ಎಳೆಗಳ ಕಟ್ಟು, ಸುತ್ತ ಹೆಣೆದ ನೂಲು. ಹೊಟ್ಟೆ ತುಂಬ ರಬ್ಬರ್ ಇಟ್ಟುಕೊಂಡೂ ತುದಿಗೊಂದು ರಬ್ಬರ್ ಬ್ಯಾಂಡ್ ಬೇಕು ಅನ್ನುವ ಜಡೆ!

ಬೆಂಕಿಕಡ್ಡಿ ಗೀರಿದೆ. ತುದಿಯನ್ನು ನೇರ ಉರಿಯೊಳಗೇ ಇಟ್ಟೆ. ಕರ್ರಗಿನ ಗಂಟಾಯಿತು. "ಟೈರ್ ಸುಡ್ತಿದ್ದೀಯೇನೋ?" ಅಂತ ಅಮ್ಮ ಒಳಗಿನಿಂದಲೇ ಕೂಗಿದರು. ಎರಡನೇ ಸಲ ಮೇಣದಬತ್ತಿಯ ಪಕ್ಕದಲ್ಲಿ, ಉರಿ ತಾಗದ ಹಾಗೆ ಹಿಡಿದೆ. ಪಾಲಿಯೆಸ್ಟರ್ ಮೆತ್ತಗೆ ಕರಗಿ ಒಂದಕ್ಕೊಂದು ಅಂಟಿಕೊಂಡಿತು. ಅದನ್ನು ಬೆರಳಲ್ಲಿ ಒತ್ತಬಾರದು, ಚಮಚದ ಹಿಂಭಾಗದಿಂದ ಒತ್ತಬೇಕು. ನನ್ನ ಹೆಬ್ಬೆರಳಿನ ಗುಳ್ಳೆಗೆ ಇದು ಗೊತ್ತು.

ಗೆದ್ದ ಹುಮ್ಮಸ್ಸಿನಲ್ಲಿ ಅಮ್ಮನ ಹಳೆಯ ಎಲಾಸ್ಟಿಕ್ ದಾರದ ತುದಿಗೂ ಬೆಂಕಿ ತೋರಿಸಿದೆ. ಅದು ಕರಗಲಿಲ್ಲ, ಸುಮ್ನೆ ಹತ್ತಿಕೊಂಡು ಉರಿಯಿತು. ಹತ್ತಿ ನೂಲಿನದು. ನಮ್ಮ ಬೀದಿಯ ಭಾಯ್, ವರ್ಷಗಟ್ಟಲೆ ರೇಷ್ಮೆ ಬಿಚ್ಚುವ ಚರಕ ತಿರುಗಿಸಿದವರು, ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು.

"ಹತ್ತಿ ಎಲ್ಲಾದ್ರೂ ಕರಗ್ತದಾ ಸಾರ್? ನಾವು ರೇಷ್ಮೆ ನೋಡೋದೂ ಹಿಂಗೇ. ಅಸಲಿ ಆದ್ರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲೇ ಪುಡಿ ಆಗ್ತದೆ. ಪಾಲಿಯೆಸ್ಟರ್ ಆದ್ರೆ ಗಟ್ಟಿ ಮಣಿ ಕಟ್ತದೆ. ಮಣಿ ಕಂಡ್ರೆ ನಮಗೆ ಲಾಸು, ನಿಮಗೆ ಲಾಭ."

"ಹತ್ತಿ ದಾರಕ್ಕೆ ಏನ್ಮಾಡೋದು ಭಾಯ್?"

"ಕತ್ತರಿಸಿದ ಮೇಲೆ ಏನ್ಮಾಡ್ತೀರಿ? ಮೊದಲೇ ಕಟ್ಬೇಕು."

ಹೊಲಿಗೆ ದಾರ ತೆಗೆದು ಅರ್ಧ ಇಂಚು ಅಂತರದಲ್ಲಿ ಎರಡು ಕಡೆ ಬಿಗಿಯಾಗಿ ಹತ್ತಾರು ಸುತ್ತು ಸುತ್ತಿದರು. ಗಂಟು ಹಾಕಿ ನಡುವೆ ಕತ್ತರಿಸಿದರು. ಎರಡು ತುದಿಗಳೂ ತಲೆ ಬಾಚಿಕೊಂಡ ಸ್ಕೂಲ್ ಮಕ್ಕಳ ಹಾಗೆ ಕೂತವು. ಎಷ್ಟು ಸುಲಭ ಅಲ್ವಾ? ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ನನ್ನ ಸ್ಕೂಟರ್ ಹಗ್ಗಕ್ಕೂ ಹಾಗೆಯೇ ಮಾಡಿದೆ. ಆದರೆ ಕೆಟ್ಟ ತುದಿಗಳನ್ನು ಕತ್ತರಿಸಿ ಕತ್ತರಿಸಿ, ಒಂದೊಂದು ಪ್ರಯೋಗಕ್ಕೆ ಒಂದೊಂದು ಗೇಣು ಹೋಗಿ, ಈಗ ಅದು ಸೀಟನ್ನು ಒಂದು ಸುತ್ತೂ ಬರುವುದಿಲ್ಲ. ಬಚ್ಚಲು ಬಾಗಿಲಿಗೆ ಕಟ್ಟಿದ್ದೇನೆ. ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ.