ಅವನು ಎಂದರೆ ಯಾವನು?

ಎರಿಕ್ ರೋಮರ್ ನಿರ್ದೇಶನದ 'ಲಾಮಿ ದ ಮೊನಾಮಿ' (ನನ್ನ ಗೆಳತಿಯ ಗೆಳೆಯ) 1987ರ ಫ್ರೆಂಚ್ ಚಿತ್ರ. ಒಂದೊಂದು ಚಿತ್ರಕ್ಕೂ ಒಂದೊಂದು ಗಾದೆ ಕಟ್ಟಿಕೊಂಡು ಅವರು ಮಾಡಿದ ಆರು ಚಿತ್ರಗಳ ಸರಣಿಯಲ್ಲಿ ಇದೇ ಕೊನೆಯದು. ಪ್ಯಾರಿಸ್ಸಿನ ಹೊರಗೆ ಹೊಸದಾಗಿ ಕಟ್ಟಿದ ಸೆರ್ಜಿ-ಪಾಂತ್ವಾಜ್ ಎಂಬ ಊರು, ಬ್ಲಾನ್ಷ್ ಮತ್ತು ಲೆಯಾ ಎಂಬ ಇಬ್ಬರು ಗೆಳತಿಯರು, ಇಬ್ಬರು ಗಂಡಸರು, ಮಿಕ್ಕದ್ದೆಲ್ಲ ಮಾತು. ಇಂಥ ಚಿತ್ರ ನೋಡಲು ಕುಳಿತಾಗಲೇ ನನ್ನ ಲ್ಯಾಪ್‌ಟಾಪಿನಲ್ಲಿ ಸಬ್‌ಟೈಟಲ್ ನಾಲ್ಕೈದು ಸೆಕೆಂಡು ಹಿಂದೆ ಬೀಳಬೇಕೆ! ಲೆಯಾ ಆಡಿದ ಮಾತು ಬ್ಲಾನ್ಷಳ ಮುಖದ ಕೆಳಗೆ ಬರುತ್ತಿತ್ತು. ಯಾರು ಯಾರನ್ನು ಪ್ರೀತಿಸುತ್ತಿದ್ದಾರೆ ಎಂಬುದೇ ನನಗೆ ಹತ್ತದಾಯಿತು.

ಪಕ್ಕದಲ್ಲಿ ಅತ್ತೆ ಅವರೆಕಾಳು ಹಿಸುಕುತ್ತಾ ಕುಳಿತಿದ್ದರು. ಅವರಿಗೆ ಫ್ರೆಂಚೂ ಬಾರದು, ಇಂಗ್ಲಿಷೂ ಬಾರದು. ಹಾಗಾಗಿ ಅವರಿಗೆ ತೊಂದರೆಯೇ ಇರಲಿಲ್ಲ.

ಬ್ಲಾನ್ಷ್ ಪುರಸಭೆಯ ನೌಕರಳು. ಊಟದ ಮೇಜಿನಲ್ಲಿ ಪರಿಚಯವಾದ ಲೆಯಾಳಿಗೆ ಈಜು ಕಲಿಸುತ್ತಾಳೆ. ಕೊಳದಲ್ಲಿ ಅಷ್ಟು ಧೈರ್ಯದ ಹುಡುಗಿ, ಸುಂದರಾಂಗ ಅಲೆಕ್ಸಾಂದ್ರ್ ಎದುರಿಗೆ ಬಂದರೆ ಒಂದು ವಾಕ್ಯ ಪೂರ್ತಿ ಮಾಡಲಾರಳು. ಲೆಯಾಳ ಗೆಳೆಯ ಫಾಬಿಯೆನ್ ಜೊತೆಗಾದರೆ ಹರಟೆಗೆ ಕೊನೆಯಿಲ್ಲ.

"ಇವಳಿಗೆ ಇವನೇ ಸರಿ. ಆ ಕೋಟಿನವನನ್ನು ಇನ್ನೊಬ್ಬಳಿಗೆ ಕೊಡಲಿ," ಎಂದರು ಅತ್ತೆ, ಕಾಳಿನಿಂದ ಕಣ್ಣೆತ್ತದೆ. ಚಿತ್ರ ಅರ್ಧವೂ ಆಗಿರಲಿಲ್ಲ.

ಲೆಯಾ ರಜೆಗೆಂದು ಊರು ಬಿಟ್ಟಾಗ ಆದದ್ದೂ ಅದೇ. ಆದರೆ ಬ್ಲಾನ್ಷ್ ಸುಖಪಡುವ ಜಾಯಮಾನದವಳಲ್ಲ. ಗೆಳತಿಯ ಗೆಳೆಯನಲ್ಲವೇ ಎಂದು ಕೊರಗುತ್ತಾಳೆ. 'ನನ್ನ ಗೆಳೆಯರ ಗೆಳೆಯರು ನನಗೂ ಗೆಳೆಯರು' ಎಂಬುದು ಈ ಚಿತ್ರದ ಗಾದೆ. ಅದನ್ನು ಇಷ್ಟು ಚಾಚೂ ತಪ್ಪದೆ ಪಾಲಿಸಿ ಇಷ್ಟು ಅತ್ತವರು ಇನ್ನೊಬ್ಬರಿರಲಾರರು.

ಕೊನೆಗೆ ಕೆರೆಯ ದಂಡೆಯಲ್ಲಿ ಗೆಳತಿಯರ ಭೇಟಿ. ಲೆಯಾ ಹೆಸರು ಹೇಳದೆ 'ಅವನು, ಅವನು' ಎನ್ನುತ್ತಾಳೆ. ಬ್ಲಾನ್ಷ್ ಅದನ್ನು ಫಾಬಿಯೆನ್ ಎಂದುಕೊಂಡು ಕುಸಿಯುತ್ತಾಳೆ. ಲೆಯಾ ಹೇಳುತ್ತಿರುವುದು ಅಲೆಕ್ಸಾಂದ್ರನ ವಿಷಯ. ನಾನು ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆ. ತಡವಾಗಿ ಬಂದ 'ಅವನು' ಇನ್ನಷ್ಟು ಗೋಜಲಾದ.

"ಅವಳು ಬೇರೆಯವನ ಮಾತಾಡುತ್ತಿದ್ದಾಳೆ, ಇವಳು ತನ್ನವನು ಎಂದುಕೊಂಡಿದ್ದಾಳೆ. ಅಷ್ಟೂ ತಿಳಿಯುವುದಿಲ್ಲವೇನೇ?" ಎಂದರು ಅತ್ತೆ.

ಅವರಿಗೆ ತಿಳಿಯದೆ ಇನ್ನಾರಿಗೆ ತಿಳಿಯಬೇಕು? ಮದುವೆಯಾದಂದಿನಿಂದ ಮಾವನವರ ಹೆಸರು ಅವರ ಬಾಯಲ್ಲಿ ಬಂದಿಲ್ಲ. ಮಾವನವರು 'ಅವರು', ಹಾಲಿನವರು 'ಅವರು', ಗ್ಯಾಸ್ ಸಿಲಿಂಡರ್ ತರುವವರೂ 'ಅವರು'. ಒಮ್ಮೆ ಅತ್ತೆ ವರಾಂಡದಲ್ಲಿ ನಿಂತು ಫೋನಿನಲ್ಲಿ, "ಅವರಿಗೆ ವಯಸ್ಸಾಯಿತು, ಮೆಟ್ಟಿಲು ಹತ್ತಲು ಆಗುವುದಿಲ್ಲ. ಬೇರೆ ಯಾರನ್ನಾದರೂ ಕಳಿಸಿ," ಎಂದರು. ಸಿಲಿಂಡರಿನ ಮಾತು ಅದು. ಕೇಳಿಸಿಕೊಂಡ ಪಕ್ಕದ ಮನೆಯಾಕೆ ಮಾವನವರನ್ನು ಎಷ್ಟೋ ದಿನ ಕನಿಕರದಿಂದ ನೋಡಿದರು. ಏಕೆಂದು ತಿಳಿಯದ ಮಾವನವರು ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದರು.

ಚಿತ್ರದಲ್ಲಿ ಅಷ್ಟು ಹೊತ್ತಿಗೆ ಎಲ್ಲ ಬಗೆಹರಿದಿತ್ತು. ಅತ್ತೆ ಮೊದಲೇ ಕೂಡಿಸಿಟ್ಟ ಎರಡೂ ಜೋಡಿಗಳು ನೀಲಿ, ಹಸಿರು ಬಟ್ಟೆ ತೊಟ್ಟು ಎದುರುಬದುರು ನಗುತ್ತಾ ನಿಂತವು. ಆ ಎರಡು ಬಣ್ಣಗಳ ಆಟಕ್ಕೆ ನಾನು ಮರುಳಾಗಿ, "ನೋಡಿ, ಎಷ್ಟು ಚೆನ್ನಾಗಿ ಹೊಂದಿಸಿದ್ದಾರೆ!" ಎಂದೆ.

ಅತ್ತೆ ಬಗ್ಗಿ ನೋಡಿದರು. "ಆ ಹಸಿರು ಬಣ್ಣ ಬಿಡುತ್ತದೆ. ಬೇರೆಯಾಗಿ ಒಗೆಯಬೇಕು."