ಯಾವ ಬಿಲ್, ಯಾವ ಸಾಲು?

ನಾನು ವಾಷಿಂಗ್ಟನ್ ರಾಜ್ಯಕ್ಕೆ ಬಂದು ಹನ್ನೊಂದು ವರ್ಷ ಆಯಿತು. ಮಗಳು ಇಲ್ಲಿನ ಸರ್ಕಾರಿ ಶಾಲೆಯಲ್ಲೇ ಓದುತ್ತಾಳೆ. ಎರಡು ವರ್ಷದ ಹಿಂದೆ ಒಂದು ದಿನ ಅವಳ ಕ್ಲಾಸಿಗೆ ಸಹಾಯ ಮಾಡೋಕೆ ಅಂತ ಹೋಗಿದ್ದೆ. ಗೋಡೆ ಪಕ್ಕ ಒಂದು ಚಕ್ರದ ಗಾಡಿ, ಅದರ ತುಂಬ ಕ್ರೋಮ್‌ಬುಕ್ ಅನ್ನುವ ಸಣ್ಣ ಲ್ಯಾಪ್‌ಟಾಪ್‌ಗಳು. ಮಕ್ಕಳು ಓಡಿಹೋಗಿ ಚೆನ್ನಾಗಿರೋದನ್ನು ಹುಡುಕಿ ಎತ್ತಿಕೊಳ್ಳುತ್ತಿದ್ದರು, ಯಾಕೆ ಅಂದರೆ ಕೆಲವದರಲ್ಲಿ ಬ್ಯಾಟರಿ ಅರ್ಧ ಗಂಟೆನೂ ನಿಲ್ಲುವುದಿಲ್ಲ. ಕೊನೆಗೆ ಬಂದ ಹುಡುಗನಿಗೆ ಸಿಕ್ಕಿದ್ದರಲ್ಲಿ ‘ಇ’ ಕೀ ಕಿತ್ತುಹೋಗಿತ್ತು. ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಬರುವ ಅಕ್ಷರ ಅದೇ ಅಲ್ವಾ. ಅವನು ಪೆನ್ಸಿಲ್ಲಿನ ಹಿಂಬದಿಯಿಂದ ಆ ಗುಳಿಯನ್ನು ಒತ್ತಿ ಒತ್ತಿ ಇಡೀ ಪ್ರಬಂಧ ಬರೆದ. ಒಂದು ಮಾತೂ ದೂರಲಿಲ್ಲ. ಅಭ್ಯಾಸ ಆಗಿಹೋಗಿದೆ ಅಂತ ಅವನ ಮುಖದಲ್ಲೇ ಕಾಣುತ್ತಿತ್ತು.

ಮನೆಗೆ ಬಂದವನೇ ನಮ್ಮ ಕ್ಷೇತ್ರದ ಶಾಸಕಿಗೆ ಎರಡು ಪುಟದ ಪತ್ರ ಬರೆದೆ. ಶಿಕ್ಷಣದಲ್ಲಿ ತಂತ್ರಜ್ಞಾನ ಎಷ್ಟು ಮುಖ್ಯ, ಮಕ್ಕಳ ಭವಿಷ್ಯ, ದಯವಿಟ್ಟು ತಾವು ಆದ್ಯತೆ ಕೊಡಬೇಕು, ಹೀಗೆ. ಮಾರನೇ ದಿನವೇ ಅವರ ಸಹಾಯಕಿಯಿಂದ ಉತ್ತರ ಬಂತು. ಪತ್ರಕ್ಕೆ ಧನ್ಯವಾದ, ಇದು ಯಾವ ಬಿಲ್ (ಮಸೂದೆ) ಬಗ್ಗೆ, ನೀವು ಪರವೋ ವಿರೋಧವೋ? ಅಷ್ಟೇ. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಬರೆದಿದ್ದು ಮನವಿ ಪತ್ರ. ಊರಲ್ಲಿ ಅಪ್ಪ ಬರೆಯುತ್ತಿದ್ದದ್ದು ಅದೇ. ಬೆಳಗ್ಗೆ ಎಂಟಕ್ಕೆ ಎಮ್ಮೆಲ್ಲೆ ಮನೆ ಮುಂದೆ ನಿಲ್ಲಬೇಕು, ಜೊತೆಗೆ ಪಂಚಾಯ್ತಿ ಸದಸ್ಯರೊಬ್ಬರು ಇದ್ದರೆ ಒಳ್ಳೇದು. ಸಾಹೇಬರು ಪತ್ರದ ಮೂಲೆಯಲ್ಲಿ ‘ಪರಿಶೀಲಿಸಿ’ ಅಂತ ಬರೆದು ಬಿಇಓಗೆ ಕಳಿಸುತ್ತಾರೆ. ಅದೃಷ್ಟ ಇದ್ದರೆ ವರ್ಷಕ್ಕೆ 2 ಕೋಟಿ ಬರುವ ಅವರ ಪ್ರದೇಶಾಭಿವೃದ್ಧಿ ನಿಧಿಯಿಂದ ಶಾಲೆಗೆ ನಾಲ್ಕು ಕಂಪ್ಯೂಟರ್ ಬರುತ್ತದೆ. ಇದು ತಪ್ಪು ದಾರಿ ಅಂತ ನಾನು ಹೇಳುತ್ತಿಲ್ಲ. ಅಲ್ಲಿನ ವ್ಯವಸ್ಥೆಯೇ ಹಾಗಿದೆ. 1985ರಿಂದ ಪಕ್ಷಾಂತರ ನಿಷೇಧ ಕಾನೂನು ಇದೆ, ಪಕ್ಷ ವಿಪ್ ಕೊಟ್ಟ ಮೇಲೆ ಅದಕ್ಕೆ ವಿರುದ್ಧವಾಗಿ ಮತ ಹಾಕಿದರೆ ಸ್ಥಾನವೇ ಹೋಗಬಹುದು. ಹಾಗಾಗಿ ಒಬ್ಬ ಶಾಸಕರನ್ನು ಎಷ್ಟೇ ಒಪ್ಪಿಸಿದರೂ ಮಸೂದೆ ವಿಷಯದಲ್ಲಿ ಅವರ ಕೈ ಕಟ್ಟಿರುತ್ತದೆ. ಜನ ಅವರ ಹತ್ತಿರ ಕಾನೂನು ಕೇಳುವುದಿಲ್ಲ, ಕೆಲಸ ಕೇಳುತ್ತಾರೆ.

ಇಲ್ಲಿ ಹಾಗಲ್ಲ. ನಮ್ಮ ರಾಜ್ಯದಲ್ಲಿ 49 ಕ್ಷೇತ್ರ, ಒಂದೊಂದಕ್ಕೂ ಒಬ್ಬ ಸೆನೆಟರ್, ಇಬ್ಬರು ಪ್ರತಿನಿಧಿಗಳು, ಒಟ್ಟು 147 ಜನ. ಇವರಲ್ಲಿ ಯಾರು ಬೇಕಾದರೂ ಬಿಲ್ ತರಬಹುದು, ತಮ್ಮದೇ ಪಕ್ಷದ ವಿರುದ್ಧ ಮತ ಹಾಕಿದರೂ ಕುರ್ಚಿ ಹೋಗುವುದಿಲ್ಲ. ಒಬ್ಬರನ್ನು ಒಪ್ಪಿಸಿದರೆ ನಿಜವಾಗಿ ಒಂದು ಮತ ಬಂತು ಅಂತಲೇ ಲೆಕ್ಕ. ಆದರೆ ಅವರಿಗೆ ಸಮಯವೇ ಇಲ್ಲ. ಜನವರಿ ಎರಡನೇ ಸೋಮವಾರ ಅಧಿವೇಶನ ಶುರುವಾದರೆ ಬೆಸ ವರ್ಷದಲ್ಲಿ 105 ದಿನ, ಸಮ ವರ್ಷದಲ್ಲಿ ಬರೀ 60 ದಿನ. ನಡುವೆ ಒಂದೊಂದು ಹಂತಕ್ಕೂ ಗಡುವು, ಆ ದಿನದೊಳಗೆ ಸಮಿತಿ ದಾಟದಿದ್ದರೆ ಆ ಬಿಲ್ಲಿನ ಕಥೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯಿತು. ಈ ಗಡಿಬಿಡಿಯಲ್ಲಿ ‘ತಂತ್ರಜ್ಞಾನಕ್ಕೆ ಆದ್ಯತೆ ಕೊಡಿ’ ಅನ್ನುವ ಮಾತನ್ನು ಅವರು ಎಲ್ಲಿಟ್ಟುಕೊಳ್ಳಬೇಕು ಹೇಳಿ?

ಆಮೇಲೆ ಕೂತು ಓದಿದೆ. ನಿಮಗೂ ಹೇಳುತ್ತೇನೆ, ಯಾಕೆ ಅಂದರೆ ಇದು ಗೊತ್ತಿಲ್ಲದೆ ಹೋದರೆ ನಿಮ್ಮದೂ ಮನವಿ ಪತ್ರವೇ ಆಗುತ್ತದೆ. ಎಲ್ಲಾ ಮಕ್ಕಳ ಶಿಕ್ಷಣಕ್ಕೆ ಸಾಕಷ್ಟು ಒದಗಿಸುವುದು ರಾಜ್ಯದ ಮೊದಲ ಕರ್ತವ್ಯ ಅಂತ ಈ ರಾಜ್ಯದ ಸಂವಿಧಾನದಲ್ಲೇ ಇದೆ. ರಾಜ್ಯ ಹಾಗೆ ಒದಗಿಸುತ್ತಿಲ್ಲ ಅಂತ 2012ರಲ್ಲಿ ಈ ರಾಜ್ಯದ್ದೇ ಸುಪ್ರೀಂ ಕೋರ್ಟು ಮೆಕ್ಲಿಯರಿ ಕೇಸಿನಲ್ಲಿ ತೀರ್ಪೂ ಕೊಟ್ಟಿತು. ಶಾಲೆಗೆ ಹಣ ಕೊಡುವ ಸೂತ್ರದಲ್ಲಿ ಸಾಮಗ್ರಿ, ನಿರ್ವಹಣೆ ಅಂತ ಒಂದು ಭಾಗ ಇದೆ, ಅದರಲ್ಲಿ ತಲಾ ವಿದ್ಯಾರ್ಥಿಗೆ ಇಷ್ಟು ಅಂತ ತಂತ್ರಜ್ಞಾನಕ್ಕೇ ಒಂದು ಸಾಲು ಇದೆ. ಅದು ಸಾಲದಿದ್ದರೆ ಶಾಲಾ ಜಿಲ್ಲೆಗಳು, ಅಂದರೆ ಒಂದೊಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗಳು, ಊರಿನವರ ಮತ ಕೇಳಿ ಆಸ್ತಿ ಮೇಲೆ ‘ಲೆವಿ’ ಅಂತ ಹೆಚ್ಚುವರಿ ತೆರಿಗೆ ಹಾಕುತ್ತವೆ. ಸಾಫ್ಟ್‌ವೇರ್ ಕಂಪನಿಗಳ ಸುತ್ತ ಇರುವ ಜಿಲ್ಲೆಗೆ ಇದು ಭಾರ ಅಲ್ಲ. ಬೆಟ್ಟದ ಆಚೆ ಪೂರ್ವದ ಕಡೆ, ಬೆಲೆಬಾಳುವ ಆಸ್ತಿ ಕಡಿಮೆ ಇರುವ ಸಣ್ಣ ಊರಲ್ಲಿ ಅಷ್ಟೇ ಹಣಕ್ಕೆ ಒಬ್ಬೊಬ್ಬರೂ ಜಾಸ್ತಿ ತೆರಿಗೆ ಕಟ್ಟಬೇಕು. ಕೋವಿಡ್ ಕಾಲದಲ್ಲಿ ಕೇಂದ್ರದಿಂದ ಬಂದ ನೆರವು ಈ ಕೊರತೆಯನ್ನು ಮುಚ್ಚಿತ್ತು. ಅದರ ಕೊನೆಯ ದೊಡ್ಡ ಕಂತಿನ ಗಡುವು 2024ರ ಸೆಪ್ಟೆಂಬರಿಗೆ ಮುಗಿಯಿತು, ಆ ಹಣದಲ್ಲಿ ಕೊಂಡ ಮಷೀನುಗಳು ಈಗ ಒಟ್ಟಿಗೇ ಹಳೆಯದಾಗುತ್ತಿವೆ.

ಅಂದರೆ ಕೇಳಬೇಕಾದದ್ದು ‘ನಮ್ಮ ಶಾಲೆಗೆ ಲ್ಯಾಪ್‌ಟಾಪ್ ಕೊಡಿಸಿ’ ಅಂತಲ್ಲ. ಆ ಸಾಲಿನಲ್ಲಿರುವ ಮೊತ್ತ ಹೆಚ್ಚಿಸಿ ಅಂತ.

ಎರಡನೇ ಸಲ ಹೋದಾಗ ನಾವು ನಾಲ್ಕು ಜನ. ನಾನು, ಇನ್ನೊಂದು ಮಗುವಿನ ತಾಯಿ, ಶಾಲೆಯ ಲೈಬ್ರೇರಿಯನ್, ಶಾಲಾ ಜಿಲ್ಲೆಯ ಕಂಪ್ಯೂಟರ್ ನೋಡಿಕೊಳ್ಳುವವರು. ವಿಡಿಯೋ ಕರೆ, ಹದಿನೈದು ನಿಮಿಷ. ಕೈಯಲ್ಲಿ ಒಂದೇ ಹಾಳೆ, ಮೇಲೆ ಆ ಮೊತ್ತ ಹೆಚ್ಚಿಸುವ ಬಿಲ್ಲಿನ ನಂಬರ್. ನಾನು ಪೆನ್ಸಿಲ್ ಹುಡುಗನ ವಿಷಯ ಒಂದು ನಿಮಿಷದಲ್ಲಿ ಹೇಳಿದೆ. ಶಾಸಕಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, ‘ಆ ಕೀ ಸರಿ ಮಾಡೋಕೆ ಎಷ್ಟು ದಿನ ಬೇಕು? ಯಾರು ಮಾಡ್ತಾರೆ?’ ಕಂಪ್ಯೂಟರ್‌ನವರು ಅಂದರು, ‘ಇಡೀ ಜಿಲ್ಲೆಗೆ ನಾವು ಇಬ್ಬರೇ ಇರೋದು ಮೇಡಂ.’ ಅವರು ಅದನ್ನು ಬರೆದುಕೊಂಡದ್ದು ಸ್ಕ್ರೀನಿನಲ್ಲಿ ಕಾಣಿಸಿತು. ನಾನು ಅಲ್ಲಿಯವರೆಗೆ ಮಷೀನು ಬಗ್ಗೆ ಮಾತ್ರ ಯೋಚನೆ ಮಾಡಿದ್ದೆ, ರಿಪೇರಿ ಮಾಡುವ ಜನರ ಸಂಬಳವೂ ತಂತ್ರಜ್ಞಾನದ ಖರ್ಚೇ ಅಂತ ಹೊಳೆದಿರಲಿಲ್ಲ.

ಇನ್ನೊಂದು ಮಾತು. ಮಕ್ಕಳು ಸ್ಕ್ರೀನ್ ಮುಂದೆ ಜಾಸ್ತಿ ಕೂರುತ್ತಾರೆ, ಅವರ ಮಾಹಿತಿ ಯಾರ ಕೈಗೋ ಹೋಗುತ್ತದೆ ಅಂತ ಭಯ ಪಡುವ ತಂದೆತಾಯಿಗಳು ಬಹಳ ಇದ್ದಾರೆ, ಅವರ ಭಯ ಸುಳ್ಳಲ್ಲ. ಅದನ್ನು ನಾವೇ ಮೊದಲು ಹೇಳಬೇಕು. ಮುಚ್ಚಿಟ್ಟು ಆಮೇಲೆ ಬೇರೆಯವರಿಂದ ಶಾಸಕರಿಗೆ ಗೊತ್ತಾದರೆ ಮುಂದಿನ ಸಲ ನಮ್ಮ ಮಾತು ನಡೆಯುವುದಿಲ್ಲ. ಮಾರುವ ಕಂಪನಿಯವರನ್ನಂತೂ ಜೊತೆಗೆ ಕರೆದುಕೊಂಡು ಹೋಗಲೇಬೇಡಿ. ಮೇಷ್ಟ್ರುಗಳು ಬರೆಯುವುದಾದರೆ ಸ್ವಂತ ಇಮೇಲ್‌ನಿಂದ, ಶಾಲೆ ಸಮಯ ಬಿಟ್ಟು ಬರೆಯಲಿ, ಸರ್ಕಾರಿ ಸಾಧನ ಬಳಸಿ ಹೀಗೆ ಒತ್ತಾಯ ಮಾಡುವುದಕ್ಕೆ ಇಲ್ಲಿ ಕಾನೂನಿನ ಮಿತಿ ಇದೆ.

ಇಲ್ಲಿರುವ ನಮ್ಮ ಕನ್ನಡದವರು ಹೇಳುವ ಮಾತು ಒಂದಿದೆ, ‘ನಾವು ವೀಸಾದಲ್ಲಿ ಇರೋರು, ಓಟೇ ಇಲ್ಲ, ನಮ್ಮ ಮಾತು ಯಾರು ಕೇಳ್ತಾರೆ?’ ಕೇಳುತ್ತಾರೆ. ಸಮಿತಿಯಲ್ಲಿ ಬಿಲ್ ವಿಚಾರಣೆಗೆ ಬರುವ ಒಂದು ಗಂಟೆ ಮುಂಚೆ ತನಕ ಮನೆಯಲ್ಲೇ ಕೂತು ಹೆಸರು ನೋಂದಾಯಿಸಬಹುದು, ಪರ, ವಿರೋಧ ಅಥವಾ ಇತರೆ ಅಂತ. ಮಾತಾಡುವ ಆಸೆ ಇದ್ದರೆ ಒಂದೆರಡು ನಿಮಿಷ ಸಿಗುತ್ತದೆ, ಇಲ್ಲದಿದ್ದರೆ ವಿಚಾರಣೆ ಶುರುವಾಗಿ 24 ಗಂಟೆ ತನಕ ಬರಹದಲ್ಲಿ ಕಳಿಸಬಹುದು. ಅದಕ್ಕೆ ಪೌರತ್ವ ಬೇಕಿಲ್ಲ. ಮಗು ಇಲ್ಲಿನ ಶಾಲೆಗೆ ಹೋಗುತ್ತದೆ, ನೀವು ಇಲ್ಲಿ ತೆರಿಗೆ ಕಟ್ಟುತ್ತೀರಿ, ಆ ಕ್ಷೇತ್ರದಲ್ಲಿ ಮನೆ ಇದೆ. ಇನ್ನೇನು ಬೇಕು?

ಹಾಗಂತ ಊರಿನ ಪದ್ಧತಿಯಲ್ಲಿ ಏನೂ ಇಲ್ಲ ಅಂತಲ್ಲ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರ, 7 ಪದವೀಧರರ ಕ್ಷೇತ್ರ. ಶಿಕ್ಷಕರಿಗೆ ಅಂತಲೇ ಸದನದಲ್ಲಿ ಜಾಗ ಇಟ್ಟಿದ್ದೇವೆ, ವಾಷಿಂಗ್ಟನ್‌ನಲ್ಲಿ ಅಂಥದ್ದು ಇಲ್ಲ. ಇನ್ನೊಂದು ಅಸ್ತ್ರವೂ ಇದೆ, ಪ್ರಶ್ನೋತ್ತರ ವೇಳೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಎದ್ದು ಉತ್ತರ ಕೊಡಬೇಕು, ಇಲ್ಲಿ ಮಂತ್ರಿಗಳು ಸದನದಲ್ಲಿ ಕೂರುವುದೇ ಇಲ್ಲ. ಊರಲ್ಲಿರುವ ಗೆಳೆಯರಿಗೆ ನಾನು ಹೇಳುವುದು ಇಷ್ಟೇ. ಎಮ್ಮೆಲ್ಸಿ ಹತ್ತಿರ ಹೋದಾಗ ಕಂಪ್ಯೂಟರ್ ಕೇಳಬೇಡಿ, ಪ್ರಶ್ನೆ ಬರೆದುಕೊಡಿ. ಈ ತಾಲ್ಲೂಕಿನ ಪ್ರೌಢಶಾಲೆಗಳ ಕಂಪ್ಯೂಟರ್ ಲ್ಯಾಬ್‌ಗಳಲ್ಲಿ ಎಷ್ಟು ಬೀಗ ಹಾಕಿದೆ, ಎಷ್ಟು ನಡೆಯುತ್ತಿದೆ, ಕಲಿಸುವವರು ಎಷ್ಟು ಜನ? ಆ ಉತ್ತರ ಸದನದ ದಾಖಲೆಯಲ್ಲಿ ಉಳಿಯುತ್ತದೆ. ವಿಪ್‌ಗೂ ಅದಕ್ಕೂ ಸಂಬಂಧ ಇಲ್ಲ.

ನಾವು ಬೆಂಬಲ ಕೊಟ್ಟ ಬಿಲ್ ಆ ವರ್ಷ ಹಣಕಾಸು ಸಮಿತಿಯಲ್ಲೇ ನಿಂತುಹೋಯಿತು. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಆದರೂ ನಾಲ್ವರೂ ಶಾಸಕಿಗೆ ಧನ್ಯವಾದ ಹೇಳಿ ಬರೆದೆವು, ಜಿಲ್ಲೆಯ ರಿಪೇರಿ ಲೆಕ್ಕವನ್ನೂ ಜೊತೆಗೆ ಕಳಿಸಿದೆವು. ಮೊನ್ನೆ ಅದೇ ಸಹಾಯಕಿ ಫೋನ್ ಮಾಡಿದ್ದರು. ಡಿಸೆಂಬರಿನಿಂದಲೇ ಬಿಲ್‌ಗಳನ್ನು ಮುಂಚಿತವಾಗಿ ಸಲ್ಲಿಸಬಹುದಂತೆ, ಈ ಸಲ ರಿಪೇರಿ ಸಿಬ್ಬಂದಿಯ ವಿಷಯವನ್ನೂ ಸೇರಿಸುವ ಯೋಚನೆ ಇದೆಯಂತೆ. ಆ ಕ್ರೋಮ್‌ಬುಕ್ ಇನ್ನೂ ಗಾಡಿಯಲ್ಲಿ ಇದೆಯಾ ಅಂತ ಕೇಳಿದರು. ಇದೆ. ಫೋಟೋ ತೆಗೆದು ಕಳಿಸಿ ಅಂತ ಲೈಬ್ರೇರಿಯನ್ನರಿಗೆ ಹೇಳಿದ್ದೇನೆ.